ಪಾಸ್‌ಪೋರ್ಟು ಯಾರ ಚೀಲದಲ್ಲಿ?

ನಮ್ಮ ಊರುಗಳಲ್ಲಿ ಹೆಂಗಸರು ಯುರೋಪ್ ಪ್ರವಾಸಕ್ಕೆ ತಯಾರಾಗುವುದನ್ನು ನೋಡುವುದೇ ಒಂದು ಚೆಂದ. ಎರಡು ತಿಂಗಳ ಮೊದಲೇ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಪಟ್ಟಿ ಸಿದ್ಧವಾಗುತ್ತದೆ. ಉಣ್ಣೆಯ ಒಳಉಡುಪು, ಮಂಕಿ ಟೋಪಿ, ಕಾಲುಚೀಲ, ಸೀರೆಯ ಮೇಲೆ ಹಾಕುವ ಕೋಟು ಎಲ್ಲದರ ಬಗ್ಗೆಯೂ ಚರ್ಚೆಯಾಗುತ್ತದೆ. ಬಿ.ಪಿ. ಮಾತ್ರೆ ಎಷ್ಟು ದಿನದ್ದು, ತುಳಸಿಗೆ ನೀರು ಹಾಕುವವರು ಯಾರು, ಹಾಲಿನವನಿಗೆ ಹೇಳಿದ್ದಾಯಿತೇ, ಒಂದನ್ನೂ ಮರೆಯುವುದಿಲ್ಲ. ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಇರುವುದಿಲ್ಲ: ‘ನನ್ನ ಪಾಸ್‌ಪೋರ್ಟು, ನನ್ನ ಕೈಚೀಲದಲ್ಲಿ.’ ಅದು ಮನೆಯಲ್ಲಿರುವಾಗ ಯಜಮಾನರ ಫೈಲಿನಲ್ಲಿರುತ್ತದೆ. ವಿಮಾನ ಇಳಿದ ಮೇಲೆ ಟೂರ್ ಮ್ಯಾನೇಜರನ ಚೀಲಕ್ಕೆ ಸೇರುತ್ತದೆ. ನನ್ನ ಜಗಳವೆಲ್ಲ ಆ ಬಿಟ್ಟುಹೋದ ಒಂದು ಸಾಲಿಗಾಗಿ.

ಜಗಳ ಹಳೆಯದೇ. ಆದರೆ ಈಗ ಅದಕ್ಕೆ ಹೊಸ ತುರ್ತು ಬಂದಿದೆ. 2025ರ ಅಕ್ಟೋಬರ್ 12ರಂದು ಯುರೋಪಿನ ಗಡಿಗಳಲ್ಲಿ ‘ಎಂಟ್ರಿ ಎಕ್ಸಿಟ್ ಸಿಸ್ಟಂ’ ಎಂಬ ಗಣಕ ವ್ಯವಸ್ಥೆ ಹಂತಹಂತವಾಗಿ ಶುರುವಾಯಿತು. ಎಲ್ಲ ಗಡಿಗಳಿಗೂ ಅದು ಹಬ್ಬಬೇಕೆಂದು ಗೊತ್ತುಮಾಡಿದ ದಿನ 2026ರ ಏಪ್ರಿಲ್ 10. ಇದುವರೆಗೆ ಗಡಿಯ ಅಧಿಕಾರಿ ಪಾಸ್‌ಪೋರ್ಟಿನ ಹಾಳೆಯ ಮೇಲೆ ಮುದ್ರೆ ಒತ್ತುತ್ತಿದ್ದ. ಒಳಗೆ ಹೋದದ್ದಕ್ಕೊಂದು, ಹೊರಗೆ ಬಂದದ್ದಕ್ಕೊಂದು. ಆ ಮುದ್ರೆಯ ಜಾಗಕ್ಕೆ ಗಣಕದ ದಾಖಲೆಯನ್ನು ತಂದಿದ್ದಾರೆ. ನಿಮ್ಮ ಹೆಸರು, ಪಾಸ್‌ಪೋರ್ಟಿನ ವಿವರ, ಮುಖದ ಚಿತ್ರ, ಒಳಹೊಕ್ಕ ದಿನ, ಹೊರಬಿದ್ದ ದಿನ, ಎಲ್ಲಿಂದ ಹೊಕ್ಕಿರಿ ಎಂಬುದು, ಇಷ್ಟೂ ಅದರಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಉಳಿಯುತ್ತದೆ. ಹೊರಬಿದ್ದ ದಾಖಲೆಯೇ ಇಲ್ಲದಿದ್ದರೆ ಐದು ವರ್ಷ.

ಇದರ ಹಿನ್ನೆಲೆಯನ್ನೂ ಸ್ವಲ್ಪ ತಿಳಿದಿರಬೇಕು. ಷೆಂಗೆನ್ ಎಂದು ನಾವು ದಿನಾ ಹೇಳುತ್ತೇವಲ್ಲ, ಅದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಡದ ಒಂದು ಸಣ್ಣ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳು ಅಲ್ಲಿ ಒಂದು ಹಡಗಿನಲ್ಲಿ ಕೂತು, ನಮ್ಮ ನಮ್ಮ ನಡುವೆ ಗಡಿ ತಪಾಸಣೆ ಬೇಡ ಎಂದು ಒಪ್ಪಂದ ಮಾಡಿಕೊಂಡವು. 1995ರಲ್ಲಿ ಅದು ಜಾರಿಗೆ ಬಂತು. ಈಗ 29 ದೇಶಗಳು ಆ ಕೂಟದಲ್ಲಿವೆ. ಒಟ್ಟು ಕುಟುಂಬದ ಮನೆಯ ಹಾಗೆ: ಒಳಗಿನ ಕೋಣೆಗಳಿಗೆ ಬಾಗಿಲಿಲ್ಲ, ಆದರೆ ಹೆಬ್ಬಾಗಿಲಿಗೆ ಅಗಳಿ ಭದ್ರ. ಒಳಗೆ ಎಷ್ಟು ಸಲೀಸೋ ಹೊರಗಿನವರಿಗೆ ಹೊಸ್ತಿಲು ದಾಟುವುದು ಅಷ್ಟು ಕಷ್ಟ. ಹೊಸ ಗಣಕ ಆ ಹೊಸ್ತಿಲಿನ ಮೇಲೆ ಕೂತಿದೆ.

‘ಇದೆಲ್ಲ ನಾವು ಭಾರತೀಯರೆಂದು ಮಾಡುವ ಅವಮಾನ’ ಎನ್ನುವವರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಈ ವ್ಯವಸ್ಥೆ ಬಂದಾಗ ಹೆಚ್ಚು ಗೊಣಗಿದವರು ಬ್ರಿಟನ್ನಿನವರು. ಯುರೋಪಿನ ಒಕ್ಕೂಟ ಬೇಡವೆಂದು ಮತ ಹಾಕಿ 2020ರ ಜನವರಿ 31ರಂದು ಹೊರಬಂದವರು ಅವರೇ. ಈಗ ಹೊರಗಿನವರ ಸಾಲಿನಲ್ಲಿ ನಿಂತು ನಾಲ್ಕು ಬೆರಳಿನ ಗುರುತು, ಮುಖದ ಚಿತ್ರ ಕೊಡಬೇಕಾಗಿ ಬಂದಾಗ ನೊಂದುಕೊಂಡರು. ನನಗೆ ನಗು ಬಂತು. ನಾವು ಭಾರತೀಯರು ಷೆಂಗೆನ್ ವೀಸಾಕ್ಕಾಗಿ 2015ರ ನವೆಂಬರ್ 2ರಿಂದಲೇ ಹತ್ತೂ ಬೆರಳು ಒತ್ತುತ್ತಿದ್ದೇವೆ. ಹಾಸನದವಳು, ಹಾವೇರಿಯವಳು ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಒತ್ತಿ ಬಂದಿದ್ದಾಳೆ. ವೀಸಾದ ಶುಲ್ಕ 2024ರ ಜೂನಿನಲ್ಲಿ 90 ಯೂರೋ ಆಯಿತು. ವೀಸಾ ಕೊಡದಿದ್ದರೂ ಅದು ಹಿಂದಕ್ಕೆ ಬರುವುದಿಲ್ಲ. ಆಗ ಯಾವ ಇಂಗ್ಲಿಷ್ ಪತ್ರಿಕೆಯೂ ನಮಗಾಗಿ ಕಣ್ಣೀರು ಹಾಕಲಿಲ್ಲ. ಆದ್ದರಿಂದ ಬೆರಳಿನ ಗುರುತು ನಮಗೆ ಹೊಸದಲ್ಲ. ವೀಸಾ ಇರುವವರ ಬೆರಳು ಆ ಹಳೆಯ ದಾಖಲೆಯಲ್ಲೇ ಇರುವುದರಿಂದ, ಹೊಸ ಗಣಕ ನಮ್ಮಿಂದ ತೆಗೆದು ಇಟ್ಟುಕೊಳ್ಳುವುದು ಮುಖದ ಚಿತ್ರವನ್ನು. ಬೆರಳನ್ನು ಹಳೆಯದರೊಂದಿಗೆ ಹೋಲಿಸಿ ನೋಡುತ್ತಾರೆ. ಹನ್ನೆರಡು ವರ್ಷದೊಳಗಿನ ಮೊಮ್ಮಕ್ಕಳ ಬೆರಳು ತೆಗೆಯುವುದಿಲ್ಲ, ಮುಖದ ಚಿತ್ರ ತೆಗೆಯುತ್ತಾರೆ.

ಇದಕ್ಕೆ ಯಾವ ಶುಲ್ಕವೂ ಇಲ್ಲ. ಇದನ್ನು ನಾಲ್ಕು ಸಲ ಹೇಳಬೇಕಾಗಿದೆ. ‘ಹೊಸ ನೋಂದಣಿಗೆ ಇಷ್ಟು’ ಎಂದು ಯಾರಾದರೂ ರಸೀದಿಯಲ್ಲಿ ಸೇರಿಸಿದರೆ ಕೊಡಬೇಡಿ. ‘ಇಟಿಯಾಸ್’ ಎಂಬ 20 ಯೂರೋದ ಇನ್ನೊಂದು ಅನುಮತಿಯ ಹೆಸರೂ ಕಿವಿಗೆ ಬಿದ್ದಿರಬಹುದು. ಅದು ವೀಸಾ ಇಲ್ಲದೆ ಹೋಗಬಲ್ಲ ದೇಶದವರಿಗಾಗಿ. ವೀಸಾ ಪಡೆದು ಹೋಗುವ ನಮಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಬಸ್ಸಿನ ಮಾತಿಗೆ ಬರುತ್ತೇನೆ. ನಮ್ಮ ಗುಂಪು ಪ್ರವಾಸಗಳಲ್ಲಿ ಬಹಳಷ್ಟು ಲಂಡನ್ನಿನಿಂದ ಶುರುವಾಗುತ್ತವೆ. ಅಲ್ಲಿಂದ ಕೋಚು ಹತ್ತಿ ಡೋವರ್ ಬಂದರಿಗೆ, ಹಡಗಿನಲ್ಲಿ ಕಾಲುವೆ ದಾಟಿ ಕ್ಯಾಲೆಗೆ, ಅಲ್ಲಿಂದ ಪ್ಯಾರಿಸಿಗೆ. ಫ್ರಾನ್ಸಿನ ಗಡಿ ಫ್ರಾನ್ಸಿನಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಆದರೆ 2003ರ ಲ ತುಕೆ ಒಪ್ಪಂದದ ಪ್ರಕಾರ ಫ್ರೆಂಚ್ ಪೊಲೀಸರು ಡೋವರಿನಲ್ಲೇ, ಇಂಗ್ಲೆಂಡಿನ ನೆಲದ ಮೇಲೆಯೇ ಕೂತು ತಪಾಸಣೆ ಮಾಡುತ್ತಾರೆ. ಹೊಸ ವ್ಯವಸ್ಥೆ ಡೋವರಿಗೆ ಬಂದಾಗ ಮೊದಲು ಅದಕ್ಕೆ ಸಿಕ್ಕವರು ಸರಕಿನ ಲಾರಿಯವರು ಮತ್ತು ಕೋಚಿನವರು. ಕಾರಿನವರ ಸರದಿ ನಂತರ. ಕೋಚಿನವರಿಗೆಂದೇ ವೆಸ್ಟರ್ನ್ ಡಾಕ್ಸ್ ಎಂಬಲ್ಲಿ ಬೇರೆ ಜಾಗ ಮಾಡಿದ್ದಾರೆ. ಅಲ್ಲಿ ಎಲ್ಲರೂ ಇಳಿಯಬೇಕು, ಒಬ್ಬೊಬ್ಬರಾಗಿ ಯಂತ್ರದ ಮುಂದೆ ನಿಲ್ಲಬೇಕು, ಮತ್ತೆ ಹತ್ತಬೇಕು. ಆಮೇಲೆ ಕೋಚಿಗೆ ಮೊಹರು ಹಾಕಿ ಹಡಗು ಹೊರಡುವ ಈಸ್ಟರ್ನ್ ಡಾಕ್ಸಿಗೆ ಕಳಿಸುತ್ತಾರೆ.

ಒಬ್ಬೊಬ್ಬರಾಗಿ ಎಂದೆ. ನನ್ನ ಮಾತಿನ ತಿರುಳು ಇರುವುದೇ ಅಲ್ಲಿ. ಗುಂಪು ಪ್ರವಾಸ ಎಂಬುದು ಟಿಕೆಟ್ಟಿಗೆ, ಊಟಕ್ಕೆ, ಹೋಟೆಲಿಗೆ ಸರಿ. ಗಡಿಯಲ್ಲಿ ಗುಂಪು ಎಂಬುದೇ ಇಲ್ಲ. ನಲವತ್ತು ಜನರ ಪರವಾಗಿ ಒಬ್ಬ ಮ್ಯಾನೇಜರ್ ಮುಖ ತೋರಿಸಲಾರ. ಹೆಂಡತಿಯ ಪರವಾಗಿ ಗಂಡ ಬೆರಳೊತ್ತಲಾರ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಹಾಗೆ, ಯುರೋಪಿಗೆ ಬಂದವಳು ಆ ಕಿಂಡಿಗೆ ಬರಲೇಬೇಕು, ಒಬ್ಬಳೇ ಬರಬೇಕು. ಹಾಗಿದ್ದ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ತಯಾರು ಮಾಡದೆ, ಮೂಟೆ ಕಟ್ಟಿ ಸಾಗಿಸುವುದು ಯಾವ ನ್ಯಾಯ?

ಮೂಟೆ ಎಂದದ್ದು ಉತ್ಪ್ರೇಕ್ಷೆಯಲ್ಲ. 2023ರಲ್ಲಿ, ಇನ್ನೂ ಮುದ್ರೆ ಒತ್ತುತ್ತಿದ್ದ ಕಾಲದಲ್ಲಿ, ನಾನು ಹೋದ ಕೋಚಿನಲ್ಲಿ ನಲವತ್ತು ಚಿಲ್ಲರೆ ಪಾಸ್‌ಪೋರ್ಟುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಆ ಕಂಪನಿಯ ಹೆಸರು ಹೇಳುವುದಿಲ್ಲ; ಹೇಳಿದರೆ ಉಳಿದವರೆಲ್ಲ ತಾವು ಒಳ್ಳೆಯವರೆಂದುಕೊಳ್ಳುತ್ತಾರೆ. ಗಡಿ ಬಂದಾಗ ಮ್ಯಾನೇಜರ್ ರೇಷನ್ ಅಂಗಡಿಯವನ ಹಾಗೆ ಹೆಸರು ಕೂಗಿ ಹಂಚಿದ. ತಪಾಸಣೆ ಮುಗಿದೊಡನೆ ಬಾಗಿಲಲ್ಲಿ ನಿಂತು ವಸೂಲು ಮಾಡಿದ. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಇವರದು ಅವರಿಗೆ, ಅವರದು ಇವರಿಗೆ ಹೋಯಿತು. ಇಬ್ಬರೂ ಅದನ್ನು ತೆರೆದು ನೋಡಲೂ ಇಲ್ಲ, ಯಾಕೆಂದರೆ ತೆರೆದು ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ಅಧಿಕಾರಿ ಚಿತ್ರ ನೋಡಿ ಹುಬ್ಬೇರಿಸಿದ ಮೇಲೆ ಗೊತ್ತಾಯಿತು. ಆವತ್ತು ನಗೆಚಾಟಿಕೆಯಲ್ಲಿ ಮುಗಿಯಿತು. ಇವತ್ತಿನ ಯಂತ್ರಕ್ಕೆ ನಗೆಚಾಟಿಕೆ ತಿಳಿಯುವುದಿಲ್ಲ.

ನಾನು ನನ್ನದನ್ನು ವಾಪಸು ಕೊಡುವುದಿಲ್ಲ ಎಂದಾಗ ಬಂದ ಉತ್ತರ: ‘ಅಮ್ಮಾ, ಲೇಡೀಸ್ ಕಳೆದುಕೊಂಡುಬಿಡ್ತಾರೆ.’ ಈ ಮಾತಿಗೆ ನಾನು ಸಾರ್ವಜನಿಕವಾಗಿ ಉತ್ತರ ಕೊಡಬೇಕೆಂದಿದ್ದೇನೆ. ನಲವತ್ತು ವರ್ಷ ಒಂದು ಮನೆಯ ಬೀಗದ ಕೈ, ಮಕ್ಕಳ ಜನನ ಪತ್ರ, ಅತ್ತೆಯ ಕಾಸಿನ ಸರ, ಗ್ಯಾಸಿನ ಪುಸ್ತಕ, ಚೀಟಿ ಹಣದ ಲೆಕ್ಕ ಇಷ್ಟನ್ನೂ ಕಳೆಯದೆ ಕಾಯ್ದವಳು ಮೂವತ್ತಾರು ಪುಟದ ಒಂದು ಪುಸ್ತಕವನ್ನು ಹದಿನೈದು ದಿನ ಕಾಯಲಾರಳೇ? ಒಬ್ಬಳು ಕಳೆದರೆ ಒಂದು ಪಾಸ್‌ಪೋರ್ಟು ಹೋಗುತ್ತದೆ. ಮ್ಯಾನೇಜರನ ಚೀಲ ಕಳೆದರೆ ನಲವತ್ತು ಜನ ಪರದೇಶದಲ್ಲಿ ನಿಲ್ಲುತ್ತೇವೆ. ಯಾವುದು ಹೆಚ್ಚು ಅಪಾಯ, ನೀವೇ ಹೇಳಿ.

ನಮ್ಮ ಪಾಸ್‌ಪೋರ್ಟಿನಲ್ಲೇ ಎಚ್ಚರಿಕೆಯ ಮಾತು ಅಚ್ಚಾಗಿದೆ: ಇದು ಭಾರತ ಸರ್ಕಾರದ ಸ್ವತ್ತು, ಇದು ಯಾರ ಹೆಸರಿನಲ್ಲಿದೆಯೋ ಅವರ ಬಳಿ, ಇಲ್ಲವೇ ಅವರು ಒಪ್ಪಿ ಅಧಿಕಾರ ಕೊಟ್ಟವರ ಬಳಿ ಇರಬೇಕು ಎಂಬ ಅರ್ಥದ್ದು. ‘ಒಪ್ಪಿ’ ಎಂಬುದನ್ನು ಗಮನಿಸಿ. ನಮ್ಮ ಒಪ್ಪಿಗೆಯನ್ನು ಯಾರು ಕೇಳಿದರು? ಹೋಟೆಲಿನಲ್ಲಿ ನೋಂದಣಿಗೆ ಬೇಕು ಎನ್ನುತ್ತಾರೆ. ಬೇಕಾದಾಗ ಕೊಟ್ಟು ಕೆಲಸವಾದ ಮೇಲೆ ಪಡೆಯೋಣ. ‘ಷೆಂಗೆನ್ ಒಳಗೆ ಗಡಿಯೇ ಇಲ್ಲ, ನಿಮಗೆ ಯಾಕೆ?’ ಎನ್ನುತ್ತಾರೆ. 2024ರ ಸೆಪ್ಟೆಂಬರ್ 16ರಂದು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ಶುರುಮಾಡಿತು. ನಡುದಾರಿಯಲ್ಲಿ ಪೊಲೀಸರು ಕೋಚು ಹತ್ತಿದರೆ ‘ನಮ್ಮ ಮ್ಯಾನೇಜರ್ ಹಿಂದಿನ ಬಸ್ಸಿನಲ್ಲಿದ್ದಾನೆ’ ಎಂದು ಯಾವ ಭಾಷೆಯಲ್ಲಿ ಹೇಳುತ್ತೀರಿ? ಝೆರಾಕ್ಸ್ ಪ್ರತಿ ಇಟ್ಟುಕೊಳ್ಳಬೇಕು, ನಿಜ. ಅದು ಕಳೆದಾಗಿನ ನೆರವಿಗೆ. ಅಸಲಿನ ಕೆಲಸ ಅದರಿಂದಾಗದು.

ಯಜಮಾನರ ಫೈಲಿನ ಬಗ್ಗೆಯೂ ಎರಡು ಮಾತು ಆಡದಿದ್ದರೆ ತಪ್ಪಾಗುತ್ತದೆ. ಎಲ್ಲ ಬೈಗುಳವನ್ನೂ ಕಂಪನಿಯ ತಲೆಗೆ ಕಟ್ಟುವುದು ಸುಲಭ. ಪ್ರವಾಸದ ವಾಟ್ಸಾಪ್ ಗುಂಪಿಗೆ ಮನೆಗೊಂದೇ ನಂಬರು ಸೇರಿಸುತ್ತಾರೆ, ಅದು ಗಂಡನದು. ಸೂಚನೆಗಳೆಲ್ಲ ಅವರಿಗೆ ಬರುತ್ತವೆ. ನಮಗೆ ಬರುವುದು ‘ಬೆಳಿಗ್ಗೆ ಆರಕ್ಕೆ ರೆಡಿಯಾಗು’ ಎಂಬ ಸಾರಾಂಶ. ಇದು ಪ್ರೀತಿಯಿಂದಲೇ ಮಾಡುವುದಿರಬಹುದು. ಆದರೆ ಸಾಲು ಎರಡಾಗಿ ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ ಹೋದಾಗ ಅಧಿಕಾರಿ ‘ಎಷ್ಟು ದಿನ ಇರುತ್ತೀರಿ, ಎಲ್ಲಿ ತಂಗುತ್ತೀರಿ, ಹಿಂದಿರುಗುವ ಟಿಕೆಟ್ಟು ಇದೆಯೇ’ ಎಂದು ಕೇಳಿದರೆ ಆ ಪ್ರೀತಿ ಉತ್ತರ ಹೇಳುವುದಿಲ್ಲ. ಕೇಳುವ ಅಧಿಕಾರ ಅವರಿಗಿದೆ. ಉತ್ತರ ಗೊತ್ತಿರಬೇಕಾದ್ದು ನಮಗೆ. ಹೋಟೆಲುಗಳ ಪಟ್ಟಿ, ಟಿಕೆಟ್ಟಿನ ಪ್ರತಿ, ಕಡಿಮೆಯೆಂದರೆ 30,000 ಯೂರೋ ಮೊತ್ತದ ವಿಮೆಯ ಕಾಗದ ಇವು ಪ್ರತಿಯೊಬ್ಬಳ ಚೀಲದಲ್ಲೂ ಬೇರೆ ಬೇರೆ ಇರಬೇಕು. ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ. ಕಾಗದ ತೋರಿಸಿ, ದಿನದ ಲೆಕ್ಕವನ್ನು ಬೆರಳಿನಲ್ಲಿ ಹೇಳಿ. ಗಡಿ ಪೊಲೀಸನ ಇಂಗ್ಲಿಷೂ ಬ್ರಿಟಿಷ್ ರಾಣಿಯದಲ್ಲ.

ಬೆರಳೆಂದಾಗ ನೆನಪಾಯಿತು. ನಮ್ಮ ಬೆರಳುಗಳು ಯಾವ ಬೆರಳುಗಳು? ಹುಣಿಸೆ ಹಿಂಡಿದ, ಸೋಪಿನ ಪುಡಿಯಲ್ಲಿ ನೆನೆದ, ಬೂದಿಯಲ್ಲಿ ಪಾತ್ರೆ ತಿಕ್ಕಿದ, ಅಡಕೆ ಸುಲಿದ, ಕಳೆ ಕಿತ್ತ ಬೆರಳುಗಳು. ರೇಷನ್ ಅಂಗಡಿಯ ಯಂತ್ರದ ಮುಂದೆ ‘ಇನ್ನೊಂದು ಸಲ ಒತ್ತಮ್ಮಾ’ ಎನ್ನಿಸಿಕೊಂಡು ಮೂರು ಸಲ, ನಾಲ್ಕು ಸಲ ಒತ್ತುವ ಮುದುಕಿಯರನ್ನು ನಾವೆಲ್ಲ ನೋಡಿದ್ದೇವೆ. ರೇಖೆ ಸವೆದಿರುತ್ತದೆ. ವಯಸ್ಸಾದ ಹಾಗೆ ಚರ್ಮ ಒಣಗಿ ಇನ್ನಷ್ಟು ಮಸುಕಾಗುತ್ತದೆ. ದುಡಿದ ಕೈಯನ್ನು ಅನುಮಾನಿಸುವ ಯಂತ್ರ ಇದು ಎಂಬ ಸಿಟ್ಟು ನನಗಿದೆ. ಆದರೆ ಸಿಟ್ಟಿನಿಂದ ಸಾಲು ಮುಂದೆ ಸಾಗುವುದಿಲ್ಲ. ಹೊರಡುವ ಎರಡು ವಾರ ಮೊದಲಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಯಂತ್ರದ ಮುಂದೆ ನಿಲ್ಲುವ ಹೊತ್ತಿಗೆ ಮಾತ್ರ ಎಣ್ಣೆ, ಮುಲಾಮು ಇಲ್ಲದಂತೆ ಕೈ ಒರೆಸಿಕೊಳ್ಳಿ. ಪ್ರವಾಸದ ಹಿಂದಿನ ದಿನ ಕೈತುಂಬ ಮೆಹಂದಿ ಬೇಡ. ಬೆರಳಿನ ಗುರುತು ತೆಗೆಯುವುದು ದೈಹಿಕವಾಗಿ ಸಾಧ್ಯವೇ ಇಲ್ಲದವರಿಗೆ ಯುರೋಪಿನ ಕಾನೂನಿನಲ್ಲಿ ವಿನಾಯಿತಿ ಇದೆ. ಆದ್ದರಿಂದ ಬೆರಳು ಮೂಡದಿದ್ದರೆ ಅದು ನಿಮ್ಮ ಅಪರಾಧವೆಂಬಂತೆ ಕುಗ್ಗಬೇಡಿ. ಅಧಿಕಾರಿಯ ಕಡೆ ತಿರುಗಿ ಕೈ ತೋರಿಸಿ. ಬೇಕೆಂದೇ ಕೊಡುವುದಿಲ್ಲ ಎಂದರೆ ಮಾತ್ರ ಒಳಗೆ ಬಿಡುವುದಿಲ್ಲ.

ಹೆಸರಿನ ಗೋಜಲು ಇನ್ನೊಂದು. ನಮ್ಮಲ್ಲಿ ತವರಿನಲ್ಲೊಂದು ಹೆಸರು, ಗಂಡನ ಮನೆಯಲ್ಲೊಂದು. ಇನಿಷಿಯಲ್ ಊರಿನದೋ ಅಪ್ಪನದೋ ಗಂಡನದೋ. ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು, ವಿಮಾನದ ಟಿಕೆಟ್ಟಿನಲ್ಲಿ ಇನ್ನೊಂದು ಇದ್ದರೆ ಮನುಷ್ಯ ಅರ್ಥ ಮಾಡಿಕೊಂಡಾನು. ಗಣಕ ಓದುವುದು ಪಾಸ್‌ಪೋರ್ಟಿನ ಚಿತ್ರದ ಪುಟದ ಕೆಳಗಿರುವ ಎರಡು ಸಾಲುಗಳನ್ನು. ಆ ಸಾಲು, ವೀಸಾ, ಟಿಕೆಟ್ಟು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ಮನೆಯಲ್ಲಿರುವಾಗಲೇ ತಿದ್ದಿಸಿ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲೇಬೇಕು ಎಂಬ ಕಡ್ಡಾಯ ಇಲ್ಲವೆಂಬುದೂ ಗೊತ್ತಿರಲಿ. 2016ರ ಡಿಸೆಂಬರಿನಲ್ಲಿ ಪ್ರಕಟವಾದ ನಿಯಮಗಳಿಂದ ಮದುವೆಯ ಪ್ರಮಾಣಪತ್ರ ಕೊಡಬೇಕಾದ ಅಗತ್ಯವೂ ಹೋಯಿತು. ಇಷ್ಟಾದರೂ ‘ಯಜಮಾನರ ಸಹಿ ಬೇಕಲ್ವಾ?’ ಎಂದು ಕೇಳುವ ಅಕ್ಕಂದಿರು ಇನ್ನೂ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ದಿನದ ಲೆಕ್ಕದಲ್ಲಿ. ಷೆಂಗೆನ್ ವೀಸಾದ ಚೀಟಿಯ ಮೇಲೆ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದಿರುತ್ತದೆ. ಬೇರೆ ಜಾಗದಲ್ಲಿ ‘ಇರಬಹುದಾದ ದಿನ’ ಎಂದೂ ಇರುತ್ತದೆ. ಬಹಳ ಜನ ಮೊದಲನೆಯದನ್ನು ನೋಡಿ ಸಮಾಧಾನಪಡುತ್ತಾರೆ. ಬಾಗಿಲು ಒಂದು ತಿಂಗಳು ತೆರೆದಿದೆ ಎಂದ ಮಾತ್ರಕ್ಕೆ ಒಂದು ತಿಂಗಳು ಒಳಗಿರಬಹುದೆಂದಲ್ಲ; ದಿನದ ಸಂಖ್ಯೆ 15 ಎಂದಿದ್ದರೆ ಹದಿನೈದೇ. ಹೊಕ್ಕ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಜೊತೆಗೆ ‘ಎಷ್ಟು ಸಲ ಪ್ರವೇಶ’ ಎಂಬುದನ್ನೂ ನೋಡಿ. ಒಂದೇ ಸಲ ಎಂದಿದ್ದರೆ, ಪ್ಯಾರಿಸಿನಿಂದ ಲಂಡನ್ನಿಗೆ ಬಂದು ಮತ್ತೆ ಪ್ಯಾರಿಸಿಗೆ ಹೋಗುವ ಹಾಗಿಲ್ಲ. ಬ್ರಿಟನ್ನಿನ ವೀಸಾ ಬೇರೆ, ಷೆಂಗೆನ್ ವೀಸಾ ಬೇರೆ.

ಇದನ್ನು ಮುಖ್ಯವಾಗಿ ಹೇಳುತ್ತಿರುವುದು ಬಾಣಂತನಕ್ಕೆ ಹೋಗುವ ತಾಯಂದಿರಿಗಾಗಿ. ಮಗಳು ಮ್ಯೂನಿಕ್ಕಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಇರುತ್ತಾಳೆ. ತಾಯಿ ಮೂರು ತಿಂಗಳು ಎಣ್ಣೆ, ನೀರು, ಸಾರು, ಲೇಹ್ಯ ಎಂದು ನಾಲ್ಕು ಗೋಡೆಯೊಳಗೆ ದುಡಿಯುತ್ತಾಳೆ. ‘ಪಾಪ ಅಮ್ಮ ಏನೂ ನೋಡಲಿಲ್ಲ’ ಎಂದು ಕೊನೆಗೆ ಮಗಳು-ಅಳಿಯ ಒಂದು ಕೋಚ್ ಪ್ರವಾಸಕ್ಕೆ ಸೇರಿಸುತ್ತಾರೆ. ಒಳ್ಳೆಯ ಮನಸ್ಸೇ. ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ಷೆಂಗೆನ್ನಿನ ಮಿತಿ. ಅದು ಒಂದು ದೇಶದ್ದಲ್ಲ, 29 ದೇಶಗಳಿಗೂ ಸೇರಿ. ಜರ್ಮನಿಯಲ್ಲಿ 88 ದಿನ ಇದ್ದವಳು ಸ್ವಿಟ್ಜರ್ಲೆಂಡಿಗೆ ಐದು ದಿನ ಹೋದರೆ ಮಿತಿ ಮೀರುತ್ತದೆ. ಮುದ್ರೆಯ ಕಾಲದಲ್ಲಿ ಮಸಿ ಅಳಿಸಿ, ಪುಟ ಮಗುಚಿ ಹೋಗಿ, ಯಾರೂ ಎಣಿಸದೆ ಬಿಟ್ಟದ್ದುಂಟು. ಗಣಕ ತಾನೇ ಎಣಿಸುತ್ತದೆ, ಮರೆಯುವುದಿಲ್ಲ. ಹೆಚ್ಚು ದಿನ ಉಳಿದವರ ಪಟ್ಟಿಯನ್ನು ಅದೇ ಸಿದ್ಧ ಮಾಡುತ್ತದೆ. ಎರಡನೆಯ ಮೊಮ್ಮಗುವಿಗೆ ವೀಸಾ ಕೇಳಲು ಹೋದಾಗ ಆ ಮೂರು ದಿನ ಎದ್ದು ನಿಲ್ಲುತ್ತದೆ. ಅಳಿಯ ಲೆಕ್ಕ ಹಾಕಿರುತ್ತಾನೆ ಎಂದು ಕೂರಬೇಡಿ; ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ಹಾಗೆ ನಿಮ್ಮ ದಿನಗಳನ್ನು ನೀವೇ ಗುರುತು ಹಾಕಿ.

ಇದಕ್ಕೊಂದು ಒಳ್ಳೆಯ ಮುಖವೂ ಇದೆ. 2024ರ ಏಪ್ರಿಲಿನಲ್ಲಿ ಯುರೋಪಿನವರು ಭಾರತೀಯರಿಗಾಗಿ ಹೊಸ ಪದ್ಧತಿ ತಂದರು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಿಬರುವ ವೀಸಾ ಸಿಗಬಹುದು. ಆಮೇಲೆ ಐದು ವರ್ಷದ್ದು. ಅಂದರೆ ನಮ್ಮ ನೇರ ನಡತೆಯ ದಾಖಲೆ ನಮಗೇ ಆಸ್ತಿ. ಆ ಆಸ್ತಿ ನಮ್ಮ ಹೆಸರಿನಲ್ಲಿದೆ. ಅದರ ಪತ್ರ ಇನ್ನೊಬ್ಬರ ಫೈಲಿನಲ್ಲಿದ್ದರೆ ಹೇಗೆ?

ಈಗ ಯಾರೂ ಬಾಯಿಬಿಟ್ಟು ಹೇಳದ ಒಂದು ಕಷ್ಟ. ಸಾಲು ಉದ್ದವಾಗುತ್ತದೆ ಎಂದು ಕೇಳಿದೊಡನೆ ನಮ್ಮ ಹೆಂಗಸರು ಮಾಡುವ ಮೊದಲ ತಯಾರಿ ನೀರು ಕುಡಿಯುವುದನ್ನು ಬಿಡುವುದು. ಬೆಳಿಗ್ಗೆ ಲಂಡನ್ನಿನಲ್ಲಿ ಅರ್ಧ ಲೋಟ ಕಾಫಿ, ಆಮೇಲೆ ಪ್ಯಾರಿಸಿನವರೆಗೂ ತುಟಿ ಒದ್ದೆ ಮಾಡಿಕೊಳ್ಳುವುದಷ್ಟೇ. ಕೋಚಿನಲ್ಲಿ ಶೌಚಾಲಯವಿದ್ದರೂ ಎಷ್ಟೋ ಸಲ ಬೀಗ ಹಾಕಿರುತ್ತಾರೆ. ಮೊಹರು ಹಾಕಿದ ಮೇಲಂತೂ ಇಳಿಯುವ ಹಾಗಿಲ್ಲ. ಮೂತ್ರದ ಸೋಂಕು, ತಲೆಸುತ್ತು, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಏನೇನೋ. ಇಷ್ಟು ಸಹಿಸಿದರೂ ಕೊನೆಗೆ ಕೇಳುವ ಮಾತು ‘ಲೇಡೀಸ್ ಟಾಯ್ಲೆಟ್ಟಿನಿಂದಲೇ ಲೇಟು!’

ಲೇಟು ಯಾಕಾಗುತ್ತದೆಂದು ನಾನು ಹೇಳುತ್ತೇನೆ. ಯುರೋಪಿನಲ್ಲಿ ಕೋಚಿನ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ 9 ಗಂಟೆ ಓಡಿಸಬಹುದು. ವಾರದಲ್ಲಿ ಎರಡು ದಿನ ಮಾತ್ರ 10. ಸಾಮಾನ್ಯವಾಗಿ ದಿನಕ್ಕೆ 11 ಗಂಟೆ ವಿಶ್ರಾಂತಿ ಬೇಕು. ಇದು ಒಳ್ಳೆಯ ಕಾನೂನು, ನಮ್ಮ ಜೀವ ಉಳಿಸುವ ಕಾನೂನು. ಗಡಿಯಲ್ಲಿ ಎರಡು ಗಂಟೆ ಹೋದರೆ ಅದು ಅವನ ದಿನದೊಳಗಿಂದಲೇ ಹೋಗುತ್ತದೆ. ಹಡಗಿಗೆ ಒಂದೂವರೆ ಗಂಟೆ, ಕ್ಯಾಲೆಯಿಂದ ಪ್ಯಾರಿಸಿಗೆ ಸುಮಾರು 300 ಕಿಲೋಮೀಟರು ಇನ್ನೂ ಉಳಿದಿರುತ್ತದೆ. ಆಗ ಕತ್ತರಿ ಬೀಳುವುದು ಐಫೆಲ್ ಗೋಪುರಕ್ಕೆ. ಹಳೆಯ ವೇಳಾಪಟ್ಟಿಯನ್ನೇ ಹೊಸ ಗಡಿಗೆ ಅಂಟಿಸಿ, ಬಣ್ಣದ ಕಾಗದದಲ್ಲಿ ‘ಸಂಜೆ ಪ್ಯಾರಿಸ್ ದೀಪಾಲಂಕಾರ’ ಎಂದು ಅಚ್ಚು ಹಾಕಿ ಹಣ ತೆಗೆದುಕೊಂಡವರು ಮೋಸ ಮಾಡುತ್ತಿದ್ದಾರೆ. ಅದರ ಹೊಣೆಯನ್ನು ಐದು ನಿಮಿಷ ಶೌಚಕ್ಕೆ ಹೋದ ಅರವತ್ತು ವರ್ಷದ ಹೆಂಗಸಿನ ಮೇಲೆ ಹಾಕುವುದು ಇನ್ನೂ ದೊಡ್ಡ ಮೋಸ.

ನಾನು ಗುಂಪು ಪ್ರವಾಸದ ವಿರೋಧಿಯಲ್ಲ. ‘ಕುರಿಮಂದೆ’ ಎಂದು ಮೂಗು ಮುರಿಯುವ ಬುದ್ಧಿವಂತರ ಜೊತೆ ನನ್ನನ್ನು ಸೇರಿಸಬೇಡಿ. ಧರ್ಮಸ್ಥಳಕ್ಕೆ, ಕಾಶಿಗೆ ಅಡುಗೆಯವರ ಸಮೇತ ಬಸ್ಸು ಮಾಡಿಕೊಂಡು ಹೋಗುತ್ತಿದ್ದ ನಮ್ಮ ಅಜ್ಜಿಯರಿಗೆ ಆ ಬಸ್ಸು ಕೊಟ್ಟಷ್ಟು ಬಿಡುಗಡೆಯನ್ನು ಬೇರೆ ಯಾವುದೂ ಕೊಡಲಿಲ್ಲ. ಗಂಡ ತೀರಿಕೊಂಡವರು, ಮದುವೆಯಾಗದವರು, ಜೊತೆಗಾರರಿಲ್ಲದವರು ಇವತ್ತು ಆಲ್ಪ್ಸ್ ಹಿಮ ಮುಟ್ಟಿ ಬರುತ್ತಿದ್ದರೆ ಅದು ಗುಂಪಿನಿಂದಲೇ. ಗುಂಪು ಬೇಕು. ಆದರೆ ಗುಂಪು ಜೊತೆ ಕೊಡಬೇಕು, ಯಜಮಾನಿಕೆ ಮಾಡಬಾರದು.

ಆದ್ದರಿಂದ ಹಣ ಕಟ್ಟುವ ಮೊದಲೇ ಕೇಳಿ, ಬರೆದು ಕೇಳಿ: ಪಾಸ್‌ಪೋರ್ಟು ನಮ್ಮ ಬಳಿಯೇ ಇರುತ್ತದೆಯೇ? ಗಡಿಯ ಸಾಲಿಗೆ ವೇಳಾಪಟ್ಟಿಯಲ್ಲಿ ಎಷ್ಟು ಹೊತ್ತು ಇಟ್ಟಿದ್ದೀರಿ? ಮೊಹರು ಹಾಕುವ ಮೊದಲು ಶೌಚಕ್ಕೆ ನಿಲ್ಲಿಸುತ್ತೀರಾ? ಸೂಚನೆಗಳನ್ನು ಕನ್ನಡದಲ್ಲಿ, ಪ್ರತಿಯೊಬ್ಬಳ ಫೋನಿಗೂ ಕಳಿಸುತ್ತೀರಾ? ನಲವತ್ತು ಜನರಲ್ಲಿ ಹತ್ತು ಹೆಂಗಸರು ಕೇಳಿದರೆ ಸಾಕು, ಮುಂದಿನ ವರ್ಷದ ಬಣ್ಣದ ಕಾಗದದಲ್ಲಿ ಉತ್ತರ ತಾನಾಗಿ ಅಚ್ಚಾಗುತ್ತದೆ.

ನಮ್ಮ ಹಕ್ಕುಗಳನ್ನೂ ತಿಳಿದಿರೋಣ. ಒಳಗೆ ಬಿಡುವುದಿಲ್ಲ ಎಂದರೆ ಕಾರಣವನ್ನು ಗೊತ್ತಾದ ನಮೂನೆಯಲ್ಲಿ ಬರೆದು ಕೊಡಬೇಕು. ಅದರ ವಿರುದ್ಧ ಮೇಲ್ಮನವಿಗೂ ದಾರಿಯಿದೆ. ಗಣಕದಲ್ಲಿ ನಮ್ಮ ಬಗ್ಗೆ ಏನು ಬರೆದಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕೂ ಇದೆ. ಆದರೆ ತನ್ನ ಪಾಸ್‌ಪೋರ್ಟಿನ ಸಂಖ್ಯೆಯೇ ಗೊತ್ತಿಲ್ಲದವಳು ಯಾವ ಹಕ್ಕನ್ನು ಕೇಳಿಯಾಳು?

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಈಗಿನ ಕಾಲಕ್ಕೆ ಕೋಶ ಓದಿಯೇ ದೇಶ ಸುತ್ತಬೇಕು, ಮತ್ತು ಮೊದಲು ಓದಬೇಕಾದ ಕೋಶ ಆ ಮೂವತ್ತಾರು ಪುಟದ್ದು. ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಬೀರು ತೆಗೆದು ನಿಮ್ಮ ಪಾಸ್‌ಪೋರ್ಟು ಹೊರತೆಗೆಯಿರಿ. ಹೆಸರು, ಅವಧಿ, ವೀಸಾದ ದಿನ ಎಲ್ಲವನ್ನೂ ಓದಿ. ಅದಕ್ಕಾಗಿ ಯಾರನ್ನಾದರೂ ಬೀಗದ ಕೈ ಕೇಳಬೇಕಾಗಿ ಬಂದರೆ, ನಿಮ್ಮ ಪ್ರವಾಸದ ತಯಾರಿ ಅಲ್ಲಿಂದಲೇ ಶುರುವಾಗಲಿ.